ಪ್ಲವ ಸಂವತ್ಸರದ ಕಲ್ಲು

ಹೋದ ವಾರ ಏನೋ ಕೆಲಸಕ್ಕೆ ಭದ್ರಾವತಿಗೆ ಹೋಗಿದ್ದೆ. ಬಸ್ಸಿಳಿದು ಹಳೆಯ ಕ್ವಾರ್ಟರ್ಸ್ ಕಡೆ ನಡೆಯುವಾಗ ಮಳೆ ಬಂದು ಆಗಷ್ಟೇ ನಿಂತಿತ್ತು. ರಸ್ತೆ ರಿಪೇರಿಗೆಂದು ಬದಿಯಲ್ಲಿ ಸುರಿದಿದ್ದ ಕಪ್ಪು ಜಲ್ಲಿಯ ರಾಶಿಯಿಂದ ಕೊಳೆತ ಮೊಟ್ಟೆಯ ವಾಸನೆ ಎದ್ದಿತು. ಅದು ಮೂಗಿಗೆ ಬಡಿದ ಕೂಡಲೇ ಆ ವರ್ಷವೆಲ್ಲ ಕಣ್ಣ ಮುಂದೆ ಬಂದು ನಿಂತಿತು ಎಂದು ಬರೆಯಲು ಆಸೆ. ಹಾಗೇನೂ ಆಗಲಿಲ್ಲ. ನೆನಪಾದದ್ದು ಅತ್ತೆಯ ಸ್ಟೀಲ್ ಬೇಸಿನ್ನು, ಅಷ್ಟೇ. ಅಂಚಿನಲ್ಲಿ ಅವರ ತವರಿನ ಹೆಸರು ಕೊರೆಸಿದ ದೊಡ್ಡ ಬೇಸಿನ್ನು. ನಾನು ಹತ್ತು ಹೆಜ್ಜೆ ಮುಂದೆ ಹೋಗಿ, ತಿರುಗಿ ಬಂದು, ರಾಶಿಯಿಂದ ಒಂದು ತುಂಡು ಎತ್ತಿ ಮೂಸಿದೆ. ನೋಡುತ್ತಿದ್ದ ಆಟೋದವನು, 'ಏನ್ ಮೇಡಂ, ಏನಾದ್ರೂ ಬೀಳಿಸ್ಕೊಂಡ್ರಾ?' ಎಂದ. ಆಮೇಲೆ ಉಳಿದದ್ದು ಬಂತು, ತುಂಡು ತುಂಡಾಗಿ, ಕ್ರಮ ತಪ್ಪಿ. ಕ್ರಮವಾಗಿ ಹೇಳುತ್ತಿರುವುದು ಈಗಿನ ನಾನು. ಅಷ್ಟರ ಮಟ್ಟಿಗೆ ಇದನ್ನು ನಂಬಬೇಡಿ.

ಪಂಚಾಂಗದಲ್ಲಿ ಅದು ಪ್ಲವ ಸಂವತ್ಸರ. ಅದರ ಕೊನೆಯ ಮೂರು ತಿಂಗಳನ್ನು ನಾನು ಶಿವಮೊಗ್ಗದಲ್ಲಿ, ಸವಳಂಗ ರಸ್ತೆಯ ನನ್ನ ಸೋದರಮಾವ, ಅತ್ತೆಯ ಮನೆಯಲ್ಲಿ ಕಳೆದೆ. ಜನ ಇನ್ನೂ ಮಾಸ್ಕನ್ನು ಗಲ್ಲದ ಕೆಳಗೆ ಇಳಿಸಿಕೊಂಡು ಓಡಾಡುತ್ತಿದ್ದ ದಿನಗಳು.

ಆಗ ನನ್ನ ಕೆಲಸ ಸಮುದ್ರದ ತಳದಲ್ಲಿ ಕೂತು ಚಿತ್ರ ಬರೆಯುವುದು. ಪಶ್ಚಿಮದ ತೀರದಲ್ಲಿ ಮುಳುಗಿಹೋದ ಬಂದರೊಂದನ್ನು ಹುಡುಕುವ ತಂಡದಲ್ಲಿ ನಾನು ನಕ್ಷೆಗಾರ್ತಿ. ನೀರಿನಡಿಯಲ್ಲಿ ಪೆನ್ಸಿಲ್ ಚೆನ್ನಾಗಿಯೇ ಬರೆಯುತ್ತದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಒಂದೊಂದೇ ಕಲ್ಲನ್ನು ಅಳೆದು ಇಳಿಸಬೇಕು: ಕಟ್ಟಡದ ಕಲ್ಲು, ತೂತು ಕೊರೆದ ಲಂಗರು ಕಲ್ಲು. ನಮಗೆ ಕಲಿಸಿದ ಮೊದಲ ಪಾಠವೆಂದರೆ, ತಳದಲ್ಲಿ ನೇರವಾದ ಗೆರೆ ಕಂಡರೆ ಮೊದಲು ಅನುಮಾನಿಸು ಎಂಬುದು. ಸಮುದ್ರವೂ ಕಲ್ಲನ್ನು ನೇರವಾಗಿ ಸೀಳುತ್ತದೆ. ದಡಕ್ಕೆ ಬಂದರೆ ಯಾತ್ರಿಕರು ಸುತ್ತುವರಿದು, ಕೃಷ್ಣನ ಅರಮನೆ ಸಿಕ್ಕಿತೇ ಎಂದು ಕೇಳುತ್ತಿದ್ದರು. ಕಲ್ಲು ಸಿಕ್ಕಿದೆ, ಯಾರದೆಂದು ಅದು ಹೇಳುತ್ತಿಲ್ಲ ಎನ್ನುವುದು ನಮ್ಮ ಮುಖ್ಯಸ್ಥರ ಉತ್ತರ. ಯಾತ್ರಿಕರಿಗೆ ಸಿಟ್ಟು ಬರುತ್ತಿತ್ತು. ನನಗೆ ಖುಷಿಯಾಗುತ್ತಿತ್ತು, ಯಾಕೆಂದರೆ ಹೇಳದಿರುವ ಕಲ್ಲಿನ ಹತ್ತಿರ ಮತ್ತೆ ಮತ್ತೆ ಇಳಿಯಬಹುದು.

ಆ ವರ್ಷ ಶೀತವಿದ್ದರೂ ಇಳಿದೆ. ಎಡಗಿವಿಯ ತಮಟೆ ಹರಿಯಿತು. ಯುಗಾದಿಯ ಹೊತ್ತಿಗೆ ವಾಸಿಯಾಗಿದೆ ಎಂದು ಡಾಕ್ಟರ ಕಾಗದ ಕಳಿಸಿದರೆ ಮುಂದಿನ ಸೀಸನ್ನಿಗೂ ನಾನಿರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಮುಖ್ಯಸ್ಥರು ಕಳಿಸಿಕೊಟ್ಟರು. ಮನೆಯಲ್ಲಿ ಮಾತ್ರ 'ರಜೆ ಮೇಲೆ ಬಂದಿದೀನಿ' ಎಂದೆ. ಕಿವಿಯ ಡಾಕ್ಟರು ಅದೇ ರಸ್ತೆಯವರು, ಮಾವನ ಹಳೆಯ ಶಿಷ್ಯ. ಮಾವನಿಗೆ ಹೇಳಬೇಡಿ ಎಂದು ಕೇಳಿಕೊಂಡಾಗ ಅವರು ಟಾರ್ಚು ಆರಿಸಿ, 'ನಾನು ಡಾಕ್ಟ್ರು ಕಣ್ರೀ, ನಿಮ್ಮನೆಗೆ ಬರೋ ಪೇಪರ್ ಅಲ್ಲ' ಎಂದರು. ತೂತು ಮುಚ್ಚಿದೆ, ಆದರೆ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿದೆ, ಯುಗಾದಿವರೆಗೆ ತಲೆಗೆ ನೀರು ಹಾಕಿಕೊಳ್ಳುವುದೂ ಬೇಡ ಎಂದು ಅವರ ಅಪ್ಪಣೆ. ನಾನು ದಿನವೂ ಹತ್ತಿಗೆ ಎಣ್ಣೆ ಅದ್ದಿ ಕಿವಿಯಲ್ಲಿಟ್ಟು ಸ್ನಾನ ಮಾಡಿ, ಅದನ್ನು ಪೇಪರಿನಲ್ಲಿ ಸುತ್ತಿ ಕಸಕ್ಕೆ ಹಾಕುತ್ತಿದ್ದೆ. ಆಲ್ಕೊಳ ಸರ್ಕಲ್ಲಿನವರೆಗೆ ನಡೆದು ಹೋಗಿ ತಿರುಗಿ ಬರುವುದು, ದಿನಕ್ಕೆ ಎರಡು ಸಲ, ಮೂರು ಸಲ. ನೀರಿನ ಕೆಳಗಿಲ್ಲದಿದ್ದರೆ ನನ್ನ ಕಾಲು ಒಂದು ಕಡೆ ನಿಲ್ಲುವುದಿಲ್ಲ.

ಕಲ್ಲು ಬಂದದ್ದು ಮಾಘದಲ್ಲಿರಬೇಕು. ಹೊಳೆಹೊನ್ನೂರಿನ ಒಬ್ಬ ಅಡಿಕೆ ವ್ಯಾಪಾರಿ ಅದನ್ನು ಟವಲಿನಲ್ಲಿ ಸುತ್ತಿ ತಂದು ಮಾವನ ಮುಂದಿಟ್ಟು ಕೈಮುಗಿದಿದ್ದರಂತೆ. ಭದ್ರೆಯಲ್ಲಿ, ದಡದ ಮರದ ಬೇರಿಗೆ ಸಿಕ್ಕಿಕೊಂಡು ತೇಲುತ್ತಿತ್ತಂತೆ. ನಾನು ವಾಕಿಂಗಿನಿಂದ ಬಂದಾಗ ಅದು ಅತ್ತೆಯ ಬೇಸಿನ್ನಿನ ನೀರಿನಲ್ಲಿತ್ತು. ಬೂದು ಬಣ್ಣ, ಮೈತುಂಬ ತೂತು, ಎರಡು ಮುಷ್ಟಿಯ ಗಾತ್ರ. ಮಾವ ಬೆರಳಿನಿಂದ ಒತ್ತಿ ಮುಳುಗಿಸಿದರು. ಅದು ಮೇಲೆ ಬಂತು.

'ಪ್ಲವ ಅಂದ್ರೆ ಏನೇ ವಸು?' ಎಂದರು.

'ಈ ವರ್ಷದ ಹೆಸರು.'

'ಅದು ಸರಿ ಮಾರಾಯ್ತಿ, ಅರ್ಥ?'

'ತೇಲೋದು?'

'ತೇಲೋದು, ನೆಗೆಯೋದು, ತೆಪ್ಪ. ಧಾತು ಒಂದೇ. ಹಂಗಾದ್ರೆ ಪ್ಲವಂಗ?'

'ಕೋತಿ!' ಎಂದು ಅಡಿಗೆಮನೆಯಿಂದ ಅತ್ತೆ ಕೂಗಿದರು. 'ಮದುವೆ ಆದಾಗಿಂದ ಇದೇ ಪಾಠ ಕೇಳ್ತಾ ಇದೀನಿ. ಪಾಸ್ ಮಾಡಿ ನನ್ನ ಮುಂದಿನ ಕ್ಲಾಸಿಗೆ ಕಳಿಸ್ಬಾರ್ದಾ?'

ಮಾವ ಸಂಸ್ಕೃತದ ಮೇಷ್ಟ್ರಾಗಿ ನಿವೃತ್ತರಾದವರು. ಫೋನಿನಲ್ಲಿ ಬರುವ ಪುರಾಣದ ಪುರಾವೆಗಳನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು. ಎರಡು ಹಸ್ತಪ್ರತಿ ಒಂದೇ ಮಾತು ಹೇಳದೆ ಒಂದು ಅಕ್ಷರವನ್ನೂ ಒಪ್ಪುವವರಲ್ಲ. ಆದರೆ ಆ ಒಂದು ಶಬ್ದ ಅವರನ್ನು ಹಿಡಿದುಬಿಟ್ಟಿತ್ತು. ಕಿಷ್ಕಿಂಧೆ ಇರುವುದು ನಮ್ಮದೇ ಹೊಳೆಯ ಕೆಳಹರಿವಿನಲ್ಲಿ, ತುಂಗೆ ಭದ್ರೆ ಕೂಡಿ ಹರಿದು ಹೋಗುವ ದಾರಿಯಲ್ಲಿ. ಅಲ್ಲಿದ್ದವರು ಬಾಲದ ಪ್ರಾಣಿಗಳಲ್ಲ, ತೆಪ್ಪದ ಜನ. ಪ್ಲವದಲ್ಲಿ ಹೋಗುವವರು ಪ್ಲವಂಗರು. ಧಾತುವಿನ ಇನ್ನೊಂದು ಅರ್ಥ ಹಿಡಿದು ಆಮೇಲಿನವರು ಅವರನ್ನು ನೆಗೆಯುವವರನ್ನಾಗಿ ಮಾಡಿದರು. ಸಮುದ್ರಕ್ಕೆ ಸೇತುವೆ ಬೇಕಾದಾಗ ರಾಮ ನೀರು ಗೊತ್ತಿದ್ದವರನ್ನೇ ಕರೆದುಕೊಂಡು ಹೋದ. ಇದು ಮಾವನ ವಾದ. ಯುಗಾದಿಯ ಸಂಜೆ ಊರಿನ ಒಂದು ಸಭಾಂಗಣದಲ್ಲಿ ಅದರ ಮೇಲೆ ಅವರ ಉಪನ್ಯಾಸ ನಿಗದಿಯಾಗಿತ್ತು. ಇಷ್ಟು ದಿನ ಶಬ್ದ ಮಾತ್ರ ಇತ್ತು. ಈಗ ಕಲ್ಲು ಬಂತು.

'ನೀನೊಂದು ಕಾಗದ ಬರ್ದು ಕೊಡು,' ಎಂದರು. 'ನಿನ್ನ ಹುದ್ದೆ ಹಾಕಿ. ನಾನು ಹೇಳಿದ್ರೆ ಮುದುಕ ಕಥೆ ಕಟ್ತಾನೆ ಅಂತಾರೆ. ನೀನು ನೀರಿನ ಕೆಳಗೆ ನೋಡಿ ಬಂದವಳು.'

ದಿನವೂ ನೀರು ಬದಲಾಯಿಸುವಾಗ ಕಲ್ಲಿನಿಂದ ಒಂದು ವಾಸನೆ ಬರುತ್ತಿತ್ತು. ಅತ್ತೆ ಸೆರಗನ್ನು ಮೂಗಿಗೆ ಹಿಡಿದು, 'ಇದೇನ್ರೀ ಇದು, ಸತ್ತ ಇಲಿ ಥರಾನೂ ಅಲ್ಲ, ಚರಂಡಿ ಥರಾನೂ ಅಲ್ಲ' ಎಂದು ಪರದಾಡಿದರು. ಮಾವ, 'ಗಂಧಕ ಕಣೆ, ಭೂಮಿ ಒಳಗಿಂದು' ಎಂದು ಬರೆದಿಟ್ಟುಕೊಂಡರು. ಕೊಳೆತ ಮೊಟ್ಟೆಯ ವಾಸನೆ ಹೇಗಿರುತ್ತದೆಂದು ಆ ಮನೆಯಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಸಮುದ್ರದ ಕ್ಯಾಂಪಿನಲ್ಲಿ ವರ್ಷಗಟ್ಟಲೆ ಬೆಳಿಗ್ಗೆ ಎರಡು ಮೊಟ್ಟೆ ತಿಂದು ನೀರಿಗಿಳಿದವಳು. ಹೇಳಿದರೆ, ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತಿತ್ತು. ಸುಮ್ಮನಿದ್ದೆ. ಮೊಟ್ಟೆಯ ಭಯಕ್ಕೆ ಸುಮ್ಮನಿದ್ದೆ ಎಂದು ಬಹಳ ದಿನ ನಂಬಿಕೊಂಡಿದ್ದೆ. ನಿಜವಾಗಿ, ಆ ವಾಸನೆ ಎಲ್ಲಿಂದ ಬರುತ್ತದೆ ಎಂದು ಯೋಚಿಸತೊಡಗಿದರೆ ನನ್ನ ತಲೆಯಲ್ಲಿ ಆಗಲೇ ಮೊಳೆತಿದ್ದ ಇನ್ನೊಂದು ಆಸೆ ಸಾಯುತ್ತಿತ್ತು.

ಆ ಆಸೆಯನ್ನು ಬಾಯಿಬಿಟ್ಟು ಹೇಳಿದವಳು ನಾನೇ. 'ಒಂದು ಕಲ್ಲು ಸಾಲಲ್ಲ ಮಾವ. ತೂತಲ್ಲೆಲ್ಲ ನೀರು ತುಂಬಿದ್ರೆ ಇಂಥ ಕಲ್ಲೂ ಮುಳುಗುತ್ತೆ. ಹೊಳೆ ತಳದಲ್ಲಿ ಇನ್ನೂ ಇರಬಹುದು. ನಾನು ಇಳಿದು ನೋಡ್ತೀನಿ.'

ಮಾವನ ಮುಖ ಅರಳಿದ್ದನ್ನು ವರ್ಣಿಸುವುದಿಲ್ಲ. ಅದು ಪ್ರತಿ ಸಲ ನೆನೆದಾಗಲೂ ಸ್ವಲ್ಪ ಹೆಚ್ಚು ಅರಳುತ್ತಿದೆ.

ಫಾಲ್ಗುಣದಲ್ಲಿ ಭದ್ರೆ ಇಳಿದಿತ್ತು. ಹೊಳೆಹೊನ್ನೂರಿನ ಹತ್ತಿರ ಒಂದು ಮಡು, ಎರಡಾಳು ಆಳ. ತೆಪ್ಪಕ್ಕೆ ಪೆರುಮಾಳಣ್ಣ ಸಿಕ್ಕಿದರು. ಭದ್ರಾವತಿಯ ಕಾರ್ಖಾನೆಯಲ್ಲಿ ಫರ್ನೆಸ್ ಮುಂದೆ ನಿಂತು ದುಡಿದು ನಿವೃತ್ತರಾಗಿ, ಮಗಳ ಮನೆಯಿದ್ದ ಹೊಳೆಹೊನ್ನೂರಿಗೆ ಬಂದು ಮೀನು ಹಿಡಿಯುತ್ತಿದ್ದವರು. ಮುಂಗೈಯ ಮೇಲೆಲ್ಲ ಸಣ್ಣ ಸಣ್ಣ ಸುಟ್ಟ ಕಲೆ. ನನ್ನನ್ನು 'ಪಾಪಾ' ಎಂದು ಕರೆದರು. ಅವರ ತಮಿಳಿನಲ್ಲಿ ಅದು ಮಗು. ನಮ್ಮ ಕನ್ನಡದ ಕಿವಿಗೆ ಅಯ್ಯೋ ಪಾಪ ಎಂದಂತೆ ಕೇಳುತ್ತದೆ.

'ಏನ್ ಸಾಮಿ ಹುಡುಕ್ತಾ ಇರೋದು? ಚಿನ್ನವಾ?'

ಮಾವ ಕಲ್ಲನ್ನು ಬಟ್ಟೆಚೀಲದಲ್ಲಿಟ್ಟು ತೊಡೆಯ ಮೇಲೆ ಇರಿಸಿಕೊಂಡಿದ್ದರು. 'ಹಳೇ ಕಲ್ಲಪ್ಪ' ಎಂದಷ್ಟೇ ಹೇಳಿ ನನ್ನ ಕಡೆ ಬಾಗಿ, 'ಹೇಳ್ಬೇಡ. ನಾಳೆನೇ ಇಲ್ಲಿ ಬಂದು ಕಾಯಿ ಒಡೆಯಕ್ಕೆ ಶುರು ಮಾಡ್ತಾರೆ' ಎಂದರು.

'ಪಾಪಾ ಉಸಿರು ಹಿಡೀತದಾ? ಸಿಲಿಂಡರ್ ಇಲ್ಲ?'

'ಎರಡಾಳಿಗೆ ಬೇಡ ಅಣ್ಣ' ಎಂದೆ.

ನನ್ನ ನೆನಪಿನಲ್ಲಿ ಅವತ್ತು ಸುಡುಬಿಸಿಲು. ಅತ್ತೆಯ ಪ್ರಕಾರ ಮೋಡವಿತ್ತು, ಅವರು ಹಪ್ಪಳ ಹಾಕದೆ ಬಿಟ್ಟರು. ಹಪ್ಪಳದ ಸಾಕ್ಷ್ಯ ನನ್ನದಕ್ಕಿಂತ ಗಟ್ಟಿ. ಅಂತೂ ನಾನು ತೆಪ್ಪದ ಅಂಚಿನಲ್ಲಿ ಕೂತು ಮುಖಕ್ಕೆ ಮಾಸ್ಕು ಕಟ್ಟಿಕೊಂಡೆ, ಮುಳುಗುವ ಮಾಸ್ಕು. ಅವತ್ತು ಸ್ನಾನದ ಮೇಲೂ ಕಿವಿಯಲ್ಲೇ ಬಿಟ್ಟಿದ್ದ ಹತ್ತಿಯನ್ನು ತೆಗೆದು ಬಟ್ಟೆಯ ಮಡಿಕೆಯಲ್ಲಿ ಬಚ್ಚಿಟ್ಟೆ. ಒಂದು ಕ್ಷಣ ಡಾಕ್ಟರ ಈರುಳ್ಳಿ ಸಿಪ್ಪೆ ನೆನಪಾಯಿತು. ಅಷ್ಟರಲ್ಲಿ ಬೆನ್ನು ಹಿಂದಕ್ಕೆ ವಾಲಿತ್ತು. ನನ್ನ ಕಾಲುಗಳು ವಾರಗಟ್ಟಲೆ ಆಲ್ಕೊಳ ಸರ್ಕಲ್ಲಿಗೆ ನಡೆದದ್ದು ಇಲ್ಲಿಗೆ ಬರುವುದಕ್ಕೇ ಎನಿಸಿತು.

ಮೊದಲ ಸಲ ಸುಖವಾಗಿ ಹೋಗಿ ಬಂದೆ. ಹಸಿರು ಬೆಳಕು, ಮೆತ್ತನೆಯ ಕೆಸರು, ಒಂದು ಟೈರು, ಬಣ್ಣ ಕರಗಿದ ಗಣಪತಿಯ ಸೊಂಡಿಲಿಲ್ಲದ ಮುಖ. ಮೇಲೆ ಬಂದು 'ಏನೂ ಇಲ್ಲ' ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಮಾವ, 'ಸಾಕು ಬಾರೇ' ಎಂದೂ ಅಂದರು. ನಾನು ಮತ್ತೆ ಹೋದೆ. ಎರಡನೆಯ ಸಲ ಇನ್ನೂ ಆಚೆ, ಇನ್ನೂ ಕೆಳಗೆ. ಅಲ್ಲಿ ಕೆಸರಿನಿಂದ ಹೊರಬಂದ ಒಂದು ನೇರವಾದ ಅಂಚು ಕಂಡಿತು. ಬಹುಶಃ ಕಂಡಿತು. ಕೈ ಚಾಚಿದೆ. ಆಗ ಎಡಗಿವಿಯೊಳಗೆ ಯಾರೋ ಕಾಗದ ಹರಿದ ಹಾಗಾಯಿತು. ನೋವಲ್ಲ, ತಣ್ಣಗೆ ಏನೋ ತಲೆಯೊಳಕ್ಕೆ ಹರಿಯಿತು. ಹೊಳೆಯೇ ಗಿರ್ರನೆ ತಿರುಗಿತು. ಮೇಲೆ ಯಾವುದು ಕೆಳಗೆ ಯಾವುದು ಎಂಬುದು ಹೋಯಿತು. ಈಜುತ್ತಿದ್ದೆ, ಕೈಗೆ ಕೆಸರು ಸಿಕ್ಕಿತು. ಹಾಗಾದರೆ ನಾನು ಕೆಳಗೆ ಈಜುತ್ತಿದ್ದೆ. ಕ್ಯಾಂಪಿನಲ್ಲಿ ಹೇಳಿಕೊಟ್ಟದ್ದೊಂದು ಬಾಕಿಯಿತ್ತು: ಸ್ವಲ್ಪ ಉಸಿರು ಬಿಡು, ಗುಳ್ಳೆ ಕೆನ್ನೆಯ ಯಾವ ಕಡೆ ಸವರಿಕೊಂಡು ಹೋಗುತ್ತದೋ ಅದು ಮೇಲೆ. ಬಿಟ್ಟೆ. ಗುಳ್ಳೆ ಗಲ್ಲದ ಕೆಳಗೆ ಸವರಿ ಎದೆಯ ಕಡೆ ಹೋಯಿತು. ಗುಳ್ಳೆ ಸುಳ್ಳು ಹೇಳುತ್ತಿದೆ ಎನಿಸಿತು. ಆದರೂ ಅದರ ಹಿಂದೆ ಹೋದೆ.

ಪೆರುಮಾಳಣ್ಣನ ಕೈ ನನ್ನ ಜಡೆ ಹಿಡಿದು ಎಳೆಯಿತು. ದಡದಲ್ಲಿ ವಾಂತಿ ಮಾಡಿದೆ. ಕಿವಿಯಿಂದ ನೀರಿನ ಜೊತೆ ಒಂದೆಳೆ ಕೆಂಪು ಇಳಿದು ಮಾವನ ಬಿಳಿ ಪಂಚೆಯ ಮೇಲೆ ಬಿತ್ತು. ಮಾವ ನನ್ನ ತಲೆ ಹಿಡಿದುಕೊಂಡು ಕೂತಿದ್ದರು. ಇಲ್ಲಿಂದ ಮುಂದಿನ ಮಾತಿನಲ್ಲಿ ಅರ್ಧ ಮಾತ್ರ ನಾನು ಕೇಳಿದ್ದು; ಇನ್ನರ್ಧ ಮಾವ ಆಮೇಲೆ ಹೇಳಿದ್ದು.

'ಮಗೂನ ಇಷ್ಟು ಕಷ್ಟ ಪಡಿಸೋ ಅಂಥ ಕಲ್ಲು ಯಾವ್ದು ಸಾಮಿ?' ಎಂದು ಪೆರುಮಾಳಣ್ಣ ಜೋರು ಮಾಡಿದರು. ಮಾವನ ಕೈ ತಾನಾಗಿಯೇ ಚೀಲಕ್ಕೆ ಹೋಗಿ ಕಲ್ಲನ್ನು ಹೊರಗೆ ತೆಗೆಯಿತು.

ಪೆರುಮಾಳಣ್ಣ ಅದನ್ನು ತೆಗೆದುಕೊಂಡು ನೋಡಲೂ ಇಲ್ಲ, ಮೂಸಿದರು. 'ಇದಾ? ಇದು ನಮ್ಮ ಕಿಟ್ಟ ಸಾಮಿ! ಕಬ್ಬಿಣ ಕುದಿಯುವಾಗ ಮೇಲೆ ಬರ್ತದಲ್ಲ, ಆ ಕಸ. ಸ್ಲ್ಯಾಗು. ಬಿಸಿ ಇರೋವಾಗ ನೀರು ಬಿದ್ರೆ ಬನ್ನು ಥರ ಉಬ್ಕೊಳ್ತದೆ. ಆರಿದ್ ಮೇಲೆ ತೇಲ್ತದೆ. ವಾಸನೆ ನೋಡಿ, ಕೆಟ್ಟ ಕೋಳಿ ಮುಟ್ಟೆ.'

ಮಾವ ಬಾಗಿ ತಾವೂ ಮೂಸಿದರು.

'ನನ್ನ ಮಗಳು ಚಿಕ್ಕೋಳಿದ್ದಾಗ ಕ್ವಾರ್ಟರ್ಸ್ ಮಕ್ಕಳೆಲ್ಲ ಇದ್ರ ಮೇಲೆ ಸೀಮೆಸುಣ್ಣದಲ್ಲಿ ಅವರವರ ಹೆಸರು ಬರ್ದು ಹೊಳೆಗೆ ಬಿಡ್ತಿದ್ರು. ಯಾರ ಹೆಸರು ದೂರ ಹೋಗ್ತದೆ ಅಂತ ಪಂದ್ಯ.' ಆಮೇಲೆ ಕಲ್ಲನ್ನು ಮಾವನ ಕೈಗೆ ವಾಪಸ್ಸು ಇಡುತ್ತ, ನಗದೆಯೇ ಕೇಳಿದರು: 'ಅಲ್ಲಾ ಸಾಮಿ, ತೇಲೋ ಕಲ್ಲನ್ನ ಯಾಕೆ ತಳದಲ್ಲಿ ಹುಡುಕ್ತೀರಾ?'

ಹೊಳೆಹೊನ್ನೂರಿಗೆ ಭದ್ರೆ ಬರುವುದು ಭದ್ರಾವತಿಯ ಮೇಲಿಂದ. ನಕ್ಷೆ ಬರೆಯುವುದೇ ನನ್ನ ಕಸುಬು.

ಡಾಕ್ಟರು ಟಾರ್ಚು ಹಾಕಿ ನೋಡಿದರು. ಈ ಸಲ ಮಾವ ಪಕ್ಕದಲ್ಲೇ ಇದ್ದುದರಿಂದ ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ, ಕೆಲಸಕ್ಕೆ ಬೇಕಾದ ಕಾಗದದ ವಿಷಯವೂ. ಆಪರೇಷನ್ ಮಾಡಿದರೆ ತಮಟೆ ಮುಚ್ಚಬಹುದು, ಕೇಳಿಸುವುದು ಎಷ್ಟು ಮರಳುತ್ತದೋ ಹೇಳಲಾಗದು, ನೀರಿಗಿಳಿಯುವುದು ಮಾತ್ರ ಮುಗಿಯಿತು ಎಂದರು. ಆಟೋದಲ್ಲಿ ಮಾವ ನನ್ನ ಎಡಕ್ಕೆ ಕೂತಿದ್ದರು. ಅವರ ತುಟಿ ಅಲ್ಲಾಡುತ್ತಿರುವುದು ಬಹಳ ಹೊತ್ತಿನ ಮೇಲೆ ಕಂಡಿತು. ನನಗೆ ಕೇಳುತ್ತಿಲ್ಲ ಎಂದು ಅವರಿಗೂ ಆಗಲೇ ಹೊಳೆದಿರಬೇಕು. ನಡುರಸ್ತೆಯಲ್ಲಿ ಆಟೋ ನಿಲ್ಲಿಸಿ, ಇಳಿದು, ಸುತ್ತಿ ಬಂದು ನನ್ನ ಬಲಕ್ಕೆ ಕೂತರು.

'ಮೊದಲೇ ಹೇಳಿದ್ರೆ ನಾನು ಇಳಿಯಕ್ಕೆ ಬಿಡ್ತಿದ್ನೇನೆ?'

'ಅದಕ್ಕೇ ಹೇಳಲಿಲ್ಲ.'

ಒಂದಷ್ಟು ದೂರ ಹೋದ ಮೇಲೆ, 'ಡಾಕ್ಟ್ರು ನನ್ನ ಶಿಷ್ಯ. ಒಂದು ಕಾಗದ ತಾನೆ? ಸರಿ ಇದೆ ಅಂತ ಬರ್ಸಿಕೊಂಡು ಬರ್ತೀನಿ. ನಿನ್ನ ಕೆಲಸ ಹೋಗಬಾರದು' ಎಂದರು.

ಎರಡು ಹಸ್ತಪ್ರತಿ ಒಪ್ಪದೆ ಒಂದು ಅಕ್ಷರವನ್ನೂ ಒಪ್ಪದ ಮನುಷ್ಯ. ನಾನು ಬೇಡ ಎನ್ನಲಿಲ್ಲ. ಅವರು ಹೋದರು, ಕ್ಲಿನಿಕ್ಕಿನಲ್ಲಿ ಟೋಕನ್ ತೆಗೆದುಕೊಂಡು ರೋಗಿಗಳ ನಡುವೆ ಕೂತರು, ಬರೆಸಿಕೊಂಡೇ ಬಂದರು. ಏನು ಹೇಳಿ ಬರೆಸಿದರೋ ನಾನು ಕೇಳಲಿಲ್ಲ. ಆ ಸಂಜೆ ನಾನೂ ಮಾವ ಕೇಳಿದ್ದ ಕಾಗದ ಬರೆದೆ: ಈ ಕಲ್ಲು ಹೊಳೆಹೊನ್ನೂರಿನ ಬಳಿ ಭದ್ರಾ ನದಿಯಲ್ಲಿ ದೊರೆತಿದೆ, ನೀರಿನಲ್ಲಿ ತೇಲುತ್ತದೆ, ಹೆಚ್ಚಿನ ಅಧ್ಯಯನ ಅಗತ್ಯ. ಕೆಳಗೆ ಸಹಿ, ಹುದ್ದೆ. ಪ್ರತಿ ವಾಕ್ಯವೂ ನಿಜ, ಒಟ್ಟು ಕಾಗದ ಸುಳ್ಳು. ಎರಡೂ ಕಾಗದ ಹೊಸ ಪಂಚಾಂಗದ ಕೆಳಗೆ ಒಟ್ಟಿಗೆ ಇದ್ದವು. ಮೂರು ದಿನ ನಾವಿಬ್ಬರೂ ಆ ಮೇಜಿನ ಸುತ್ತ ಓಡಾಡಿದೆವು. ಒಂದು ದಿನ ಅತ್ತೆ ಒರೆಸಲು ಬಂದು ಎರಡನ್ನೂ ಓದಿ, ಹಾಗೆಯೇ ಇಟ್ಟು, 'ಚೆನ್ನಾಗಿದೆ ಕಣ್ರೀ, ಅವಳ ಕಿವಿ ನೀವು ಸರಿ ಮಾಡಿದ್ರಿ, ನಿಮ್ಮ ಕಲ್ಲು ಅವಳು ಸರಿ ಮಾಡಿದ್ಲು. ನನ್ನ ಮಂಡಿನೋವಿಗೂ ಯಾರಾದ್ರೂ ಒಂದು ಬರ್ದು ಕೊಡಿ' ಎಂದು ಒಳಗೆ ಹೋದರು.

ಯುಗಾದಿ. ಬೇವುಬೆಲ್ಲವಾಯಿತು, ಪ್ಲವ ಮುಗಿದು ಹೊಸ ಹೆಸರಿನ ವರ್ಷ ಹುಟ್ಟಿತು. ಸಂಜೆ ಸಭಾಂಗಣ ಸುಮಾರಾಗಿ ತುಂಬಿತ್ತು. ಪೋಸ್ಟರಿನಲ್ಲಿ ಕಲ್ಲಿನ ಚಿತ್ರವಿತ್ತು. ವೇದಿಕೆಯ ಮೇಜಿನ ಮೇಲೆ ಬೇಸಿನ್ನಿರಲಿಲ್ಲ. ಮಾವ ಬರಿಗೈಯಲ್ಲಿ ಬಂದಿದ್ದರು, ಜೇಬಿನಲ್ಲಿ ನನ್ನ ಕಾಗದವಿತ್ತು. ಒಂದು ಗಂಟೆ ಶಬ್ದದ ಬಗ್ಗೆ ಮಾತಾಡಿದರು, ಅಷ್ಟು ಚೆನ್ನಾಗಿ ಮಾತಾಡಿದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ. ಕೊನೆಯಲ್ಲಿ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. 'ಎಲ್ಲಾ ಸರಿ ಮೇಷ್ಟ್ರೇ, ಕಲ್ಲೆಲ್ಲಿ? ನಾವು ಕಲ್ಲು ನೋಡಕ್ಕೆ ಬಂದಿದ್ದು.'

ಮಾವನ ಕೈ ಜೇಬಿಗೆ ಹೋಯಿತು. ಅವರು ನನ್ನ ಕಡೆ ನೋಡಿದರೋ ಇಲ್ಲವೋ ಖಚಿತವಿಲ್ಲ. ಜೇಬಿನಿಂದ ತೆಗೆದದ್ದು ಕರ್ಚೀಫು. ಮುಖ ಒರೆಸಿಕೊಂಡು, ಭದ್ರಾವತಿಯ ಮಕ್ಕಳು ಹೆಸರು ಬರೆದು ಹೊಳೆಗೆ ಬಿಡುತ್ತಿದ್ದ ಕಿಟ್ಟದ ದೋಣಿಗಳ ಕಥೆ ಹೇಳಿದರು. ಪೆರುಮಾಳಣ್ಣನ ಮಾತನ್ನೂ ಬಿಡಲಿಲ್ಲ. ಸಭೆ ನಕ್ಕಿತು. ಕೆಲವರು ಎದ್ದು ಹೋದರು. ಒಬ್ಬರು ಜೋರಾಗಿ, 'ಇದಕ್ಕೆ ಹಬ್ಬದ ದಿನ ಹಾಳು' ಎಂದರು. ಮಾವ ಕುರ್ಚಿಗಳ ಸದ್ದು ನಿಲ್ಲುವವರೆಗೆ ಕಾದು, 'ನನ್ನ ಹತ್ರ ಶಬ್ದ ಇದೆ. ಕಲ್ಲು ಇಲ್ಲ' ಎಂದು ಕೂತರು.

ಮರುದಿನ ಬೆಳಿಗ್ಗೆ ನಾನು ಮುಖ್ಯಸ್ಥರಿಗೆ ಫೋನ್ ಮಾಡಿದೆ. ಡಾಕ್ಟರ ಕಾಗದ ಎದುರಿಗೇ ಇತ್ತು. ಅದನ್ನು ಫೋಟೋ ತೆಗೆದು ಕಳಿಸುವುದಕ್ಕೆ ಅರ್ಧ ನಿಮಿಷ ಸಾಕಿತ್ತು. ಅವರು ಹಲೋ ಎಂದದ್ದು ಬಲಗಿವಿಗೆ ಕೇಳಿಸಿತು. ಕಿವಿ ಹೇಗಿದೆ ಎಂದು ಕೇಳಿದರು. ಅಷ್ಟರಲ್ಲಿ, ಬಲಗೈಗೆ ಪೆನ್ಸಿಲ್ ಬೇಕಾದಾಗ ಫೋನನ್ನು ಎಡಕ್ಕೆ ದಾಟಿಸುವ ನನ್ನ ವರ್ಷಗಳ ರೂಢಿ ತನ್ನ ಕೆಲಸ ಮಾಡಿಬಿಟ್ಟಿತ್ತು. 'ಹೋಗಿದೆ ಸರ್' ಎಂದೆ. 'ಇನ್ನು ಇಳಿಯಕ್ಕಾಗಲ್ಲ. ತಪ್ಪು ನಂದೇ.' ಆ ಕಡೆ ಅವರು ಏನೋ ಹೇಳಿರಬೇಕು, ಬಹಳ ಹೊತ್ತೇ ಹೇಳಿರಬೇಕು. ಫೋನು ಎಡಗಿವಿಯಲ್ಲೇ ಇತ್ತು. ಬಲಕ್ಕೆ ಬದಲಾಯಿಸಲು ಕೈ ಏಳಲಿಲ್ಲ. ಸಾಕಷ್ಟು ಹೊತ್ತು ಹಿಡಿದಿದ್ದು, ಥ್ಯಾಂಕ್ಸ್ ಹೇಳಿ ಇಟ್ಟೆ.

ಮಾವ ಬಾಗಿಲಲ್ಲಿ ನಿಂತಿದ್ದವರು ಬಂದು ನನ್ನ ಬಲಕ್ಕೆ ಕೂತರು.

'ಏನಂದ್ರು?'

'ಕೇಳಿಸಲಿಲ್ಲ ಮಾವ.'